ಎಲ್ಲರಿಗೂ ಎಪ್ಪತ್ತೆರಡು

ಕುರಿಯ ಹೃದಯ ತರುವಾಗ ಅದರ ಮೇಲ್ತುದಿಯಲ್ಲಿ ಎರಡು ಬೆರಳಗಲದಷ್ಟು ಮಹಾಪಧಮನಿ ಉಳಿದಿರಬೇಕು. ಒಂದು ಬೆರಳಗಲ ಸಾಲದು. ಅಷ್ಟು ಉದ್ದದ ಕೊಳವೆ ಇದ್ದರೆ ಅದರ ಬಾಯಿಗೆ ಲೋಟದಿಂದ ನೀರು ಹೊಯ್ದಾಗ ಒಳಗಿನ ಕವಾಟದ ಮೂರು ಎಸಳುಗಳು ಒಂದಕ್ಕೊಂದು ಕೂಡಿ ಮುಚ್ಚಿಕೊಳ್ಳುತ್ತವೆ. ನೀರು ಕೆಳಗಿಳಿಯದೆ ಅಲ್ಲೇ ನಿಲ್ಲುತ್ತದೆ. ಹೃದಯದಿಂದ ಹೊರಟ ರಕ್ತ ಏಕೆ ಹಿಂದಕ್ಕೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ತೊಂದರೆ ಏನೆಂದರೆ, ಮಟನ್ ಅಂಗಡಿಯಲ್ಲಿ ಹೃದಯವನ್ನು ತಕ್ಕಡಿಗೆ ಹಾಕುವ ಮೊದಲೇ ಅಭ್ಯಾಸಬಲದಿಂದ ಸೀಳಿಬಿಡುತ್ತಾರೆ. ಮೊದಲ ಸಲ ನನಗೆ ಸಿಕ್ಕಿದ್ದು ಹಾಗೆ ಸೀಳಿದ್ದೇ. ಎರಡನೆಯ ಸಲ ಸೀಳಬೇಡಿ ಎಂದೆ. ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಸಾರು ಕಪ್ಪಾಗುತ್ತದೆ ಎಂದು ಅಂಗಡಿಯವರು ಬುದ್ಧಿ ಹೇಳಿದರು. ಸಾರಿಗಲ್ಲ, ಪಾಠಕ್ಕೆ ಎಂದೆ. ಅವರು ಚಾಕು ಕೆಳಗಿಟ್ಟು ನನ್ನನ್ನೊಮ್ಮೆ ನೋಡಿದರು. ಅಂದಿನಿಂದ ನಾನು ಅಂಗಡಿಯ ಮುಂದೆ ನಿಂತರೆ ಒಳಗಿದ್ದ ತಮ್ಮನಿಗೆ, “ಟೀಚರಮ್ಮನ ದಿಲ್ ಎತ್ತಿಡು” ಎಂದು ಕೂಗಿ ಹೇಳುತ್ತಿದ್ದರು. ಸಾಲಿನಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು. ನಾನು ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಬೇಗ ಬೇಗ ನಡೆಯುತ್ತಿದ್ದೆ.

ನಾನು ಚಿಕ್ಕಬಳ್ಳಾಪುರದ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಅಂಗರಚನೆ ಮತ್ತು ಶರೀರಕ್ರಿಯೆ ಕಲಿಸುತ್ತಿದ್ದೆ. ಈಗ ಕೆಲಸ ಬಿಟ್ಟಿದ್ದೇನೆ. ನಿವೃತ್ತಿ ಎನ್ನುವ ವಯಸ್ಸು ನನ್ನದಲ್ಲ, ಬಿಟ್ಟ ಕಾರಣ ಇಲ್ಲಿ ಬೇಕಿಲ್ಲ. ನನ್ನ ಜಾಗಕ್ಕೆ ಬಂದವರು ನೋಟ್ಸ್ ಕೊಡಿ ಎಂದು ಕೇಳಿದರು. ನೋಟ್ಸ್ ಕಪಾಟಿನಲ್ಲಿದೆ. ಅದರಲ್ಲಿ ಇಲ್ಲದಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕಾಲೇಜಿಗೆ ಬರುವ ಹುಡುಗಿಯರು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳವರು. ಬಹುಪಾಲು ಕನ್ನಡ ಮಾಧ್ಯಮದಲ್ಲಿ ಓದಿದವರು. ಪುಸ್ತಕ ಇಂಗ್ಲಿಷಿನದು. ಆದ್ದರಿಂದ ಅವರು ಮೊದಲು ಮಾಡುವ ಕೆಲಸ ಬಾಯಿಪಾಠ. ದೇಹದ ಭಾಗಗಳನ್ನು ಹೆಸರಿಸಿ ಎಂದರೆ ಬೆನ್ನು ನೆಟ್ಟಗೆ ಮಾಡಿ ನಿಂತು ಒಪ್ಪಿಸುತ್ತಾರೆ. ತೋರಿಸಿ ಎಂದರೆ ಕೈ ತಪ್ಪುತ್ತದೆ. ಜಠರವನ್ನು ಹೊಕ್ಕುಳದ ಮೇಲೆ ಇಡುತ್ತಾರೆ, ಮೂತ್ರಪಿಂಡಗಳನ್ನು ಸೊಂಟದ ಕೆಳಗೆ. ಯಕೃತ್ತು ಎಡಕ್ಕೆ ಹೋಗುತ್ತದೆ, ಏಕೆಂದರೆ ಗೋಡೆಯ ಚಿತ್ರಪಟದಲ್ಲಿ ಅದು ನೋಡುವವರ ಎಡಗಡೆ ಇದೆ. ಚಿತ್ರದ ಮನುಷ್ಯ ನಮಗೆ ಎದುರಾಗಿ ನಿಂತಿದ್ದಾನೆ, ಅವನ ಬಲಗೈ ನಮ್ಮ ಎಡಗಡೆ ಬರುತ್ತದೆ ಎಂದು ಹತ್ತು ಸಲ ಹೇಳಿದರೂ ಪ್ರಯೋಜನವಾಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಹಳೆಯ ಬಿಳಿ ಏಪ್ರನ್. ಒಬ್ಬಳು ಏಪ್ರನ್ ತೊಟ್ಟು ನಿಲ್ಲಬೇಕು, ಇನ್ನೊಬ್ಬಳು ಅವಳ ಪಕ್ಕೆಲುಬುಗಳನ್ನು ಮುಟ್ಟಿ ಎಣಿಸಿ, ಅಂಗಗಳನ್ನು ಅವುಗಳ ನಿಜವಾದ ಗಾತ್ರದಲ್ಲಿ ಬಟ್ಟೆಯ ಮೇಲೆ ಬರೆಯಬೇಕು. ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಮಂಜುಳಾ ಎಂಬವಳು ಯಕೃತ್ತು ಬರೆದು ಮುಗಿಸಿ, ಹಿಂದೆ ಸರಿದು ನೋಡಿ, “ಇಷ್ಟು ದೊಡ್ಡದಾ ಮಿಸ್? ನಮ್ಮನೇಲಿ ಎಲ್ಲರಿಗೂ ಫ್ರೈ ಆಗಿ ಮಿಗುತ್ತೆ” ಎಂದಳು. ಆ ವರ್ಷ ಯಕೃತ್ತಿನ ಗಾತ್ರವನ್ನೂ ಜಾಗವನ್ನೂ ಯಾರೂ ಮರೆಯಲಿಲ್ಲ. ತರಗತಿಯಲ್ಲಿ ನಗು ಬಂದರೆ ತಡೆಯಬೇಡಿ. ತಾವು ಮುಟ್ಟಲು ಹೆದರುವ ವಿಷಯಕ್ಕೇ ಅವರು ಹೆಚ್ಚು ನಗುತ್ತಾರೆ, ನಕ್ಕ ಮೇಲೆ ಮುಟ್ಟುತ್ತಾರೆ.

ಈಗ ನಾಡಿಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಆರೋಗ್ಯವಂತರ ನಾಡಿ ನಿಮಿಷಕ್ಕೆ ಎಪ್ಪತ್ತೆರಡು ಎಂದು ನಮ್ಮ ಪುಸ್ತಕದಲ್ಲಿದೆ. ಅದು ಸರಾಸರಿ, ಅಷ್ಟೆ. ಆದರೆ ಒಂದು ಇಡೀ ತರಗತಿಯನ್ನು ಜೋಡಿ ಜೋಡಿಯಾಗಿ ಕೂರಿಸಿ ನಾಡಿ ಎಣಿಸಿ ಎಂದರೆ ಎಲ್ಲ ಮೂಲೆಗಳಿಂದಲೂ ಎಪ್ಪತ್ತೆರಡು ಬರುತ್ತದೆ. ಸ್ವಲ್ಪ ಜಾಣೆಯರು ಎಪ್ಪತ್ತನಾಲ್ಕು ಎನ್ನುತ್ತಾರೆ. ಎಣಿಸದೆ ಹೇಳುತ್ತಾರೆಂದಲ್ಲ. ಅರ್ಧ ಎಣಿಸುವಷ್ಟರಲ್ಲಿ ತಮ್ಮ ಬೆರಳಿಗಿಂತ ಪುಸ್ತಕದ ಮೇಲೆ ನಂಬಿಕೆ ಹೆಚ್ಚಾಗಿಬಿಡುತ್ತದೆ. ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಇಪ್ಪತ್ತು ದಾಟಿದ ಮೇಲೆ ಅಂಕಿಯ ಹೆಸರು ನಾಡಿಯ ಬಡಿತಕ್ಕಿಂತ ಉದ್ದವಾಗುತ್ತದೆ. ಅರವತ್ತೊಂಬತ್ತು ಎಂದು ಮನಸ್ಸಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಬಡಿತ ಬಂದು ಹೋಗಿರುತ್ತದೆ. ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯ ಪದ್ಮ ತೆಲುಗಿನಲ್ಲಿ ಎಣಿಸುತ್ತಿದ್ದಳು, ಅವಳದೂ ಅದೇ ಪಾಡು. ಒಂದರಿಂದ ಹತ್ತರವರೆಗೆ ಎಣಿಸಿ ಒಂದು ಬೆರಳು ಮಡಿಸುವುದು, ಮತ್ತೆ ಒಂದರಿಂದ ಶುರು ಮಾಡುವುದು ಎಂದು ನಾನು ಅಭ್ಯಾಸ ಮಾಡಿಸಿದೆ. ಜೊತೆಗೆ ಅರ್ಧ ತರಗತಿಯನ್ನು ಮೆಟ್ಟಿಲು ಹತ್ತಿಸಿ ಇಳಿಸಿ ಕೂರಿಸಿದೆ. ಆಗ ಎಂಬತ್ತೆಂಟು, ತೊಂಬತ್ತಾರು, ನೂರ ಹತ್ತು ಎಂದು ನಿಜವಾದ ಅಂಕಿಗಳು ಬರತೊಡಗಿದವು.

ಒಬ್ಬಳು ಮಾತ್ರ, ಏದುಸಿರು ಬಿಡುತ್ತಿದ್ದ ಮಂಜುಳಾಳ ಕೈ ಹಿಡಿದು ಎಪ್ಪತ್ತೆರಡು ಎಂದಳು.

ಅವಳು ನಸ್ರೀನ್. ಶಿಡ್ಲಘಟ್ಟದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಕಿಟಕಿಯ ಪಕ್ಕ ಕೂರುತ್ತಿದ್ದಳು, ಕೇಳದೆ ಮಾತಾಡುತ್ತಿರಲಿಲ್ಲ, ಬರವಣಿಗೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ನನ್ನೆದುರೇ ಇನ್ನೊಮ್ಮೆ ಎಣಿಸು ಎಂದೆ. ಮಂಜುಳಾಳ ಮಣಿಕಟ್ಟಿನ ಮೇಲೆ ಅವಳು ಒತ್ತಿದ ರಭಸಕ್ಕೆ ಅವಳ ಉಗುರುಗಳೇ ಬೆಳ್ಳಗಾದವು. ಅವಳ ಬಲಗೈ ತೆಗೆಸಿ ಬೆರಳ ತುದಿಗಳನ್ನು ನೋಡಿದೆ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರರ ತುದಿಯೂ ಬಿಳಿಚಿ, ದಪ್ಪಗಾಗಿ, ಅಂಚಿನಲ್ಲಿ ಸೀಳುಬಿಟ್ಟಿದ್ದವು. ಚರ್ಮ ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಏಳುತ್ತಿತ್ತು. ಏನಾಯಿತು ಎಂದು ಕೇಳಿದೆ.

“ಅವರ ಮನೇಲಿ ರೀಲಿಂಗ್ ಇದೆ ಮಿಸ್” ಎಂದು ಮಂಜುಳಾ ಹೇಳಿದಳು.

ಶಿಡ್ಲಘಟ್ಟದಲ್ಲಿ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಬೇಯಿಸಿದ ರೇಷ್ಮೆಗೂಡುಗಳು ಬಿಸಿನೀರಿನ ಬೇಸಿನ್ನಿನಲ್ಲಿ ತೇಲುತ್ತಿರುತ್ತವೆ. ಅವುಗಳಿಂದ ಎಳೆಯ ತುದಿ ಹಿಡಿದು ಕೂಡಿಸಿ ರಾಟೆಗೆ ಕೊಡಬೇಕು. ಎಳೆ ಕಡಿದಾಗಲೆಲ್ಲ ಮತ್ತೆ ಬೆರಳು ನೀರಿಗೆ. ನಸ್ರೀನ್ ಬೆಳಗಿನ ನಮಾಜಿನ ನಂತರ ಬಸ್ಸಿನ ಹೊತ್ತಿನವರೆಗೆ ತಾಯಿಯ ಪಕ್ಕ ಕೂತು ಈ ಕೆಲಸ ಮಾಡಿ ಕಾಲೇಜಿಗೆ ಬರುತ್ತಿದ್ದಳು.

ಸಂಜೆ ಎಲ್ಲರೂ ಹೋದ ಮೇಲೆ ಅವಳನ್ನು ಪ್ರಯೋಗಾಲಯದಲ್ಲಿ ಕೂರಿಸಿಕೊಂಡೆ. ತನಗೆ ನಾಡಿ ಸಿಗುತ್ತಿಲ್ಲವೆಂದು ಅವಳು ನೇರವಾಗಿಯೇ ಹೇಳಿದಳು. ಎಂದೂ ಸಿಕ್ಕಿಲ್ಲವೇ ಎಂದೆ. “ಇಲ್ಲ ಮಿಸ್. ಬೆರಳಿಗೆ ಏನೂ ಗೊತ್ತಾಗಲ್ಲ. ಪುಸ್ತಕದಲ್ಲಿ ಇರೋದು ಹೇಳ್ತೀನಿ.” ಆಮೇಲೆ ಮನೆಯ ವಿಷಯವನ್ನೂ ಹೇಳಿದಳು. ಮನೆಯ ಹಿರಿಯ ಅವಳ ಚಾಚಾ, ಅಂದರೆ ಚಿಕ್ಕಪ್ಪ. ಒಂದು ವರ್ಷ ಓದಲಿ, ಪಾಸಾದರೆ ಮುಂದುವರಿಯಲಿ, ಒಂದರಲ್ಲಿ ಫೇಲಾದರೂ ಬೇಸಿನ್ನಿಗೆ ವಾಪಸ್ ಎಂಬುದು ಅವರ ಮಾತು. ಕೋಪದಿಂದ ಹೇಳಿದ್ದಲ್ಲ. ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ನಾಡಿ ಎಣಿಸುವುದು ಕಡ್ಡಾಯ. ಬೇರೆ ಊರಿಂದ ಬಂದ ಪರೀಕ್ಷಕರು ಜೊತೆಗಾತಿಯ ಇನ್ನೊಂದು ಕೈ ಹಿಡಿದು ತಾವೂ ಎಣಿಸುತ್ತಾರೆ. ಅಲ್ಲಿ ಪುಸ್ತಕದ ಅಂಕಿ ಹೇಳಿ ಪಾರಾಗಲು ಆಗುವುದಿಲ್ಲ.

ನಮ್ಮ ಪ್ರಿನ್ಸಿಪಾಲ್ ಮೇಡಂ ದೊಡ್ಡಾಸ್ಪತ್ರೆಯೊಂದರಲ್ಲಿ ಬಹಳ ವರ್ಷ ವಾರ್ಡ್ ಸಿಸ್ಟರ್ ಆಗಿದ್ದವರು. ಹುಡುಗಿಯರನ್ನು ಬೈಯುವಾಗ ಅವರ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಸುಳ್ಳು ಹೇಳಿದರೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಿಜವೋ ಅಲ್ಲವೋ, ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಸ್ರೀನಳ ವಿಷಯವನ್ನು ನಾನು ಅವರಿಂದ ಮುಚ್ಚಿಡಲಿಲ್ಲ. ಈಗ ಎಲ್ಲ ವಾರ್ಡುಗಳಲ್ಲೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆಯಲ್ಲ, ಅಂಕಿ ಅದೇ ತೋರಿಸುತ್ತದಲ್ಲ ಎಂದು ನಾನೇ ಮೊದಲು ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. ಕ್ಲಿಪ್ಪು ಅಂಕಿ ತೋರಿಸುತ್ತದೆ, ನಾಡಿ ತುಂಬಿದೆಯೋ ಸೊರಗಿದೆಯೋ ಅದನ್ನು ಬೆರಳೇ ಹೇಳಬೇಕು ಎಂದರು.

“ನಾಡಿ ಗೊತ್ತಾಗದೆ ಇರೋಳ ಕೈಗೆ ರೋಗೀನ ಹೆಂಗಮ್ಮ ಒಪ್ಪಿಸೋದು? ದಯೆ ತೋರಿಸೋಕೆ ಬೇರೆ ಜಾಗ ಇದಾವೆ” ಎಂದರು. ಅವಳನ್ನು ಈಗಲೇ ಬೇರೆ ಯಾವುದಾದರೂ ಕೋರ್ಸಿಗೆ ಸೇರಿಸುವುದು ಒಳ್ಳೆಯದು ಎಂಬುದು ಅವರ ಅಭಿಪ್ರಾಯವಾಗಿತ್ತು.

ಅವರ ಮಾತು ಸರಿಯಾಗಿತ್ತು. ಅವರು ಹೇಳಿದ ಕಾರಣಕ್ಕಾಗಿಯೇ ನಾನು ಅಂಕ ಕೊಟ್ಟು ದಾಟಿಸುವ ಯೋಚನೆ ಮಾಡಲಿಲ್ಲ. ಪರೀಕ್ಷೆಯವರೆಗೆ ಸಮಯ ಕೊಡಿ, ಆಗದಿದ್ದರೆ ಅವಳಿಗೆ ನಾನೇ ಹೇಳುತ್ತೇನೆ ಎಂದೆ. “ನೀನೇ ಹೇಳಬೇಕು ಮತ್ತೆ. ಅತ್ಕೊಂಡು ನನ್ನ ರೂಮಿಗೆ ಬರಬಾರದು, ಅವಳೂ, ನೀನೂ” ಎಂದು ಒಪ್ಪಿದರು.

ಚರ್ಮದ ಪಾಠ ನಾನೇ ಮಾಡಿದ್ದೆ. ಹೊರಪದರ ಕೆಳಗಿನಿಂದ ಬೆಳೆದು ಮೇಲೆ ಬಂದು ಉದುರುತ್ತದೆ, ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಪರೀಕ್ಷೆಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಸಮಯವಿತ್ತು. ಅಷ್ಟು ದಿನ ಬಲಗೈ ಬಿಸಿನೀರಿಗೆ ಇಳಿಯಬಾರದು. ಅದನ್ನು ಕೇಳಲು ನಾನು ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ಯಾರ ಮನೆಗೂ ಸುಮ್ಮನೆ ಹೋಗುವವಳಲ್ಲ ನಾನು. ಬಾಗಿಲಲ್ಲಿ ನಿಂತು ಹೇಳಿ ಬರೋಣ ಎಂದುಕೊಂಡಿದ್ದೆ. ನಸ್ರೀನಳ ತಾಯಿ ಶಮೀಮಾ ಬೇಸಿನ್ನು ಬಿಟ್ಟು ಏಳುವಂತಿರಲಿಲ್ಲ, ಆದ್ದರಿಂದ ನಾನೇ ಒಳಗೆ ಹೋಗಿ ಆ ಹಬೆಯಲ್ಲಿ, ಬೆಂದ ಹುಳುಗಳ ವಾಸನೆಯಲ್ಲಿ, ಮಣೆಯ ಮೇಲೆ ಕೂತೆ.

ನಾನು ಚರ್ಮದ ವಿಷಯ ಹೇಳಿದ್ದನ್ನು ಅವರು ಕೈ ನಿಲ್ಲಿಸದೆ ಪೂರ್ತಿ ಕೇಳಿದರು.

“ತಿಂಗಳಿಗೆ ಹೊಸ ಚರ್ಮ ಬರುತ್ತೆ ಅಂತೀರ. ನಂದು ಬಂದೇ ಇಲ್ಲವಲ್ಲ ಟೀಚರ್.”

“ನೀವು ಕೈ ಎತ್ತೇ ಇಲ್ಲವಲ್ಲಮ್ಮ.”

ಅವರು ನಕ್ಕರು. ನಕ್ಕಿದ್ದರಿಂದ ಎಳೆ ಕಡಿಯಿತು, ಮತ್ತೆ ನೀರಿಗೆ ಬೆರಳು ಹಾಕಿ ತುದಿ ಹಿಡಿದರು. ಎಳೆಯನ್ನು ರಾಟೆಗೆ ಕೊಟ್ಟು, ನಸ್ರೀನ್‌ಗೆ ಗೂಡು ಆರಿಸುವುದು, ರಾಟೆ ನೋಡಿಕೊಳ್ಳುವುದು ಇಂಥ ಒಣ ಕೆಲಸ ಕೊಡುತ್ತೇನೆ, ನೀರಿನ ಕೆಲಸ ತಾನೇ ಮಾಡಿಕೊಳ್ಳುತ್ತೇನೆ ಎಂದರು. “ಪರೀಕ್ಷೆ ತನಕ ಟೀಚರ್. ಆಮೇಲೆ ಅವಳ ಚಾಚಾ ಏನಂತಾರೋ ಅದು. ಆಮೇಲಿಂದು ನನ್ನ ಕೇಳಬೇಡಿ.” ನಾನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಒಪ್ಪಿಕೊಂಡದ್ದು ಸಣ್ಣದಲ್ಲ ಎಂದು ಆ ಕೋಣೆಯಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಇಬ್ಬರ ಕೆಲಸವನ್ನು ಒಬ್ಬರೇ ಮಾಡಬೇಕಾಗಿತ್ತು.

ಇನ್ನು ಕಲಿಸುವುದು ನನ್ನ ಪಾಲು. ಅವಳ ತೊಂದರೆ ಎರಡು ಪಟ್ಟಾಗಿತ್ತು. ಬೆರಳಿಗೆ ಸ್ಪರ್ಶ ಕಡಿಮೆ, ಅದಕ್ಕಾಗಿ ಅವಳು ಗಟ್ಟಿಯಾಗಿ ಒತ್ತುತ್ತಿದ್ದಳು. ಗಟ್ಟಿಯಾಗಿ ಒತ್ತಿದರೆ ಅಪಧಮನಿ ಮುಚ್ಚಿಹೋಗಿ ಇದ್ದ ಬಡಿತವೂ ನಿಲ್ಲುತ್ತದೆ. ಹಗುರವಾಗಿ ಹಿಡಿ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡ ಒಂದು ಹೋಲಿಕೆ ಇತ್ತು. ಬಹಳ ಹೊಂದುತ್ತದೆ ಎಂದುಕೊಂಡು ಹೇಳಿದೆ: ರೇಷ್ಮೆಯ ಎಳೆ ಹಿಡಿಯುವ ಹಾಗೆ ಹಿಡಿ, ಕಡಿಯಬಾರದು ಅಷ್ಟೆ.

ನಸ್ರೀನ್ ಸಂಕೋಚದಿಂದ ತಲೆಯಾಡಿಸಿದಳು. “ಎಳೇನ ಬೆರಳಲ್ಲಿ ತಿಳ್ಕೊಳಲ್ಲ ಮಿಸ್. ಆ ನೀರಲ್ಲಿ ಬೆರಳಿಗೆ ಏನು ಗೊತ್ತಾಗುತ್ತೆ? ಕಣ್ಣಲ್ಲಿ ನೋಡ್ಕೊಂಡೇ ಹಿಡಿಯೋದು.”

ನನ್ನ ಹೋಲಿಕೆ ಅಲ್ಲಿಗೆ ಮುಗಿಯಿತು. ಆದರೆ ಅವಳ ಉತ್ತರದಲ್ಲಿ ಕೆಲಸಕ್ಕೆ ಬರುವ ಮಾತಿತ್ತು. ಕಣ್ಣಿಗೆ ಕಾಣಿಸಿದರೆ ಬೆರಳು ಕಲಿಯಬಹುದು. ನಾಡಿಯನ್ನು ಕಣ್ಣಿಗೆ ಕಾಣಿಸುವುದು ಕಷ್ಟವಲ್ಲ. ಬಡಿಯುವ ಜಾಗದ ಮೇಲೆ ಅಂಟುವ ಯಾವುದಾದರೂ ಸಣ್ಣ ಉಂಡೆ ಇಟ್ಟು ಅದರಲ್ಲಿ ಹಗುರವಾದ ಕಡ್ಡಿ ನೆಟ್ಟರೆ, ಬಡಿತದ ಅಲುಗಾಟ ಕಡ್ಡಿಯ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಪ್ರಯೋಗಾಲಯದಲ್ಲಿ ಜೇಡಿಮಣ್ಣು ಇರಲಿಲ್ಲ. ಮಂಜುಳಾ ಹಾಸ್ಟೆಲಿನ ಅಡುಗೆಮನೆಗೆ ಓಡಿ ಮಧ್ಯಾಹ್ನ ಮಿಕ್ಕಿದ್ದ ರಾಗಿಮುದ್ದೆಯ ಚೂರನ್ನೂ ಪೊರಕೆಯಿಂದ ಒಂದು ಕಡ್ಡಿಯನ್ನೂ ತಂದಳು. ಬಟಾಣಿ ಗಾತ್ರದ ಮುದ್ದೆ ಮಾಡಿ ಪದ್ಮಳ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ, ಸ್ವಲ್ಪ ಹುಡುಕಿ ಅಂಟಿಸಿದೆ. ಕಡ್ಡಿ ತಲೆ ಅಲ್ಲಾಡಿಸತೊಡಗಿತು. ನಸ್ರೀನ್ ಬಗ್ಗಿ ನೋಡುತ್ತ ಕೂತಳು. ಅವಳು ಒಬ್ಬರ ನಾಡಿಯನ್ನು ನೋಡಿದ್ದು ಅದೇ ಮೊದಲು.

“ಮುದ್ದೆ ಮೀಟರ್ ಕಣೇ” ಎಂದು ಮಂಜುಳಾ ಹೆಸರಿಟ್ಟಳು. ಹೆಸರು ನಿಂತುಬಿಟ್ಟಿತು. ಪದ್ಮ ಮಾತ್ರ, ತನ್ನ ಕೈ ಮೇಲೆ ಮುದ್ದೆ ಇಟ್ಟರೆ ಸಾರು ಯಾರು ಹಾಕುತ್ತಾರೆ ಎಂದು ತೆಲುಗಿನಲ್ಲಿ ಗೊಣಗಿದಳು.

ವಿಧಾನ ಹೀಗೆ. ಒಂದು ಕೈಯಲ್ಲಿ ಕಡ್ಡಿ ಅಲುಗುತ್ತಿರುತ್ತದೆ. ಅದೇ ವ್ಯಕ್ತಿಯ ಇನ್ನೊಂದು ಕೈ ಮೇಲೆ ನಸ್ರೀನ್ ಬೆರಳಿಡಬೇಕು, ಕಡ್ಡಿ ನೋಡುತ್ತ ಒತ್ತಡವನ್ನು ಕಡಿಮೆ ಮಾಡುತ್ತ ಹೋಗಬೇಕು. ಕಡ್ಡಿ ಅಲುಗಿದ ಕ್ಷಣದಲ್ಲೇ ಬೆರಳಿನ ಕೆಳಗೆ ಏನಾದರೂ ಆಗುತ್ತದೆಯೇ ಎಂದು ಕಾಯಬೇಕು. ಮೊದಲು ಎಡಗೈಯಲ್ಲಿ ಕಲಿಸಿದೆ, ಅದು ಅಷ್ಟು ಕೆಟ್ಟಿರಲಿಲ್ಲ. ಒಂದು ವಾರ ಏನೂ ಸಿಗಲಿಲ್ಲ. ಅವಳು ಅಳಲಿಲ್ಲ, ನಾನೂ ಸಮಾಧಾನ ಹೇಳಲಿಲ್ಲ. ದಿನವೂ ಕೊನೆಯ ಅವಧಿಯ ನಂತರ ಕೂತೆವು. ಅವಳ ಬಸ್ಸು ಹೋಗುವುದರೊಳಗೆ ಎದ್ದೆವು. ಒಂದು ದಿನ ಅವಳು ಕಡ್ಡಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು, ಬೆರಳು ಅಲ್ಲೇ ಇತ್ತು. ಏನು ಎಂದೆ. “ಏನೋ ತಟ್ತು ಮಿಸ್. ಮತ್ತೆ ತಟ್ತು” ಎಂದಳು. ಪದ್ಮ ಉಸಿರಾಡುವುದನ್ನೇ ನಿಲ್ಲಿಸಿ ಕೂತಿದ್ದಳು, ಉಸಿರಾಡಮ್ಮ ಎಂದು ನಾನು ಹೇಳಬೇಕಾಯಿತು.

ಅಲ್ಲಿಂದ ಮುಂದೆ ಕೆಲಸ ಸುಲಭವಾಗಿತ್ತು. ಕಡ್ಡಿಯನ್ನು ಪುಸ್ತಕದಿಂದ ಮರೆಮಾಡಿ ಅವಳಿಂದ ಎಣಿಕೆ ಮಾಡಿಸಿದೆ, ಕಡ್ಡಿ ನೋಡಿ ನಾನು ಎಣಿಸಿದೆ. ಬಲಗೈಯ ಚರ್ಮ ಕಳಚಿ ಕೆಳಗಿನಿಂದ ತೆಳು ಗುಲಾಬಿ ಬಣ್ಣ ಕಾಣಿಸಿಕೊಂಡ ಮೇಲೆ ಬಲಗೈಗೆ ಬಂದೆವು. ಆ ಹೊಸ ಬೆರಳುಗಳನ್ನು ಅವಳು ಬಸ್ಸಿನಲ್ಲಿ, ಗೆಳತಿಯರ ಮೇಲೆ, ಸಿಕ್ಕವರ ಮೇಲೆಲ್ಲ ಪ್ರಯೋಗಿಸುತ್ತಿದ್ದಳಂತೆ. ನಿಮ್ಮ ತರಗತಿಯಲ್ಲೂ ಹಿಟ್ಟಿನ ಕೆಲಸ, ಗಾರೆಯ ಕೆಲಸ, ಸುಣ್ಣದ ಕೆಲಸ ಮಾಡಿ ಬರುವ ಮಕ್ಕಳಿರುತ್ತಾರೆ. ನಾಡಿ ಹೇಳಿಕೊಡುವ ಮೊದಲು ಅವರ ಬೆರಳು ನೋಡಿ. ಈ ಇಡೀ ಬರಹದಲ್ಲಿ ನೀವು ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪ್ರಾಯೋಗಿಕ ಪರೀಕ್ಷೆಗೆ ಬೆಂಗಳೂರಿನಿಂದ ಬಂದವರು ವಯಸ್ಸಾದ ಪ್ರಾಧ್ಯಾಪಕರು. ಮೂಳೆಗಳ ಬಗ್ಗೆ ಕೇಳುವಾಗ ಹುಡುಗಿಯರಿಗೆ ಸಹಾಯವಾಗುವಂತೆಯೇ ಕೇಳಿದರು, ಆದರೆ ನಾಡಿಯ ವಿಷಯಕ್ಕೆ ಬಂದಾಗ ಬಿಗಿಯಾದರು. ಬೆಳಿಗ್ಗೆಯ ತಂಡದಲ್ಲಿ ಭಯಕ್ಕೆ ಮೂವರು ಮತ್ತೆ ಎಪ್ಪತ್ತೆರಡು ಎಂದಿದ್ದರು. ಅವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿ, “ಏನಮ್ಮ, ಈ ಜಿಲ್ಲೇಲಿ ಎಲ್ಲರ ಹೃದಯಾನೂ ಒಂದೇ ಸ್ಪೀಡಾ?” ಎಂದು ಕೇಳಿದರು. ಮಧ್ಯಾಹ್ನದ ತಂಡದಲ್ಲಿ ಮೊದಲ ಹೆಸರು ನಸ್ರೀನಳದು.

ಅವಳ ಜೊತೆಗಾತಿಯಾಗಿ ಕೂರಲು ಹೊರಟ ಮಂಜುಳಾಳನ್ನು ಅವರು ತಡೆದರು. ಇವರು ಇವರಲ್ಲೇ ಮೊದಲೇ ಎಣಿಸಿಟ್ಟುಕೊಂಡಿರುತ್ತಾರೆ ಎಂದು ನಕ್ಕು, ನನಗೆ ಕೂರಲು ಹೇಳಿದರು. ನಾನು ಯಾರಿಗೂ ಸುಲಭವಾಗಿ ನನ್ನ ಕೈ ಮುಟ್ಟಗೊಡುವವಳಲ್ಲ. ಆದರೆ ಬೇಡ ಎನ್ನಲು ಕಾರಣವಿರಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟೆ. ಎಡಗೈಯನ್ನು ಅವರು ಹಿಡಿದರು, ಬಲಗೈಯನ್ನು ನಸ್ರೀನ್.

ಅವಳು ಮೊದಲು ಗಟ್ಟಿಯಾಗಿಯೇ ಒತ್ತಿದಳು. ನನಗೆ ಗೊತ್ತಾಯಿತು. ನಾನು ಏನೂ ಹೇಳುವಂತಿರಲಿಲ್ಲ, ಮುಖವನ್ನೂ ಎತ್ತಲಿಲ್ಲ. ಆಮೇಲೆ ಅವಳು ಬೆರಳುಗಳನ್ನು ಪೂರ್ತಿ ಎತ್ತಿ, ಮತ್ತೆ ಇಟ್ಟಳು, ಈ ಸಲ ಇಟ್ಟದ್ದೇ ತಿಳಿಯದ ಹಾಗೆ. ಪರೀಕ್ಷಕರು ಗಡಿಯಾರ ನೋಡಿ ಶುರು ಎಂದರು. ನಸ್ರೀನಳ ಎಡಗೈ ಬೆರಳುಗಳು ಒಂದೊಂದಾಗಿ ಮಡಿಸಿಕೊಳ್ಳುವುದನ್ನು ನಾನು ನೋಡುತ್ತಿದ್ದೆ. ಐದೂ ಮಡಿಚಿಕೊಂಡವು. ಮತ್ತೆ ಬಿಚ್ಚಿಕೊಂಡು ಒಂದೊಂದಾಗಿ ಎರಡನೆಯ ಸಲವೂ ಐದು ಮಡಿಚಿಕೊಂಡವು. ಎಪ್ಪತ್ತೆರಡು ಎಂದೋ ದಾಟಿಹೋಗಿತ್ತು.

ಸಾಕು ಎಂದ ಮೇಲೆ ಅವಳು ಸ್ವಲ್ಪ ತಡೆದಳು. ಹೇಳಲು ಸಂಕೋಚಪಟ್ಟಿದ್ದು ಅವಳಿಗಾಗಿ ಅಲ್ಲ, ನನಗಾಗಿ ಎಂದು ನನಗನ್ನಿಸಿತು.

“ನೂರ ಆರು ಸರ್.”

ಪರೀಕ್ಷಕರು ನನ್ನ ಕೈ ಬಿಡದೆ ಅವಳನ್ನು ನೋಡಿದರು. ನಾಡಿಯ ಲಯ ಹೇಗಿದೆ ಎಂದು ಕೇಳಿದರು. ಸಮವಾಗಿದೆ, ತುಂಬಿದೆ ಎಂದಳು. ಅಷ್ಟು ವೇಗ ಏಕೆ ಎಂದರು. ಅವಳು ನನ್ನ ಕಡೆ ನೋಡದೆ, “ಭಯ ಇರಬೇಕು ಸರ್” ಎಂದಳು. ಮಂಜುಳಾ ಏಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು.

“ನಾನು ಎಣಿಸಿದ್ದು ನೂರ ಏಳು” ಎಂದು ಅವರು ನನ್ನ ಎಡಗೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆಮೇಲೆ ನಸ್ರೀನ್‌ಗೆ ಇನ್ನೇನೂ ಕೇಳಲಿಲ್ಲ.

ಫಲಿತಾಂಶ ಬರಲು ಇನ್ನೂ ಸಮಯವಿತ್ತು, ಅಂಕಗಳು ನಮಗೂ ಗೊತ್ತಾಗುವುದಿಲ್ಲ. ಅಂದು ಸಂಜೆ ಪ್ರಿನ್ಸಿಪಾಲ್ ಮೇಡಂಗೆ ನಡೆದದ್ದನ್ನು ಹೇಳಿದೆ. ಅವರು ಫೈಲಿನಿಂದ ತಲೆಯೆತ್ತದೆ, ಹಾಗಾದರೆ ಅವಳಿಗೆ ಹೇಳುವ ಕೆಲಸ ನಿನಗೆ ತಪ್ಪಿತು ಎಂದರು. ಅವರಿಂದ ಅಷ್ಟು ಬಂದರೆ ಬಹಳ. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಶಮೀಮಾ ಅವರ ಮಾತು ನೆನಪಾಯಿತು. ಪರೀಕ್ಷೆಯವರೆಗೆ ಎಂದಿದ್ದರು. ಪರೀಕ್ಷೆ ಮುಗಿದಿತ್ತು. ನಾಳೆ ಬೆಳಿಗ್ಗೆ ಆ ಕೈ ಮತ್ತೆ ನೀರಿಗೆ ಇಳಿಯುತ್ತದೆ, ಫಲಿತಾಂಶ ಬರುವಷ್ಟರಲ್ಲಿ ಮೊದಲಿನಂತಾಗಿರುತ್ತದೆ, ಪಾಸಾಗಿ ವಾರ್ಡಿಗೆ ಹೋದವಳಿಗೆ ಮತ್ತೆ ನಾಡಿ ಸಿಗುವುದಿಲ್ಲ. ಆಮೇಲಿನದನ್ನು ಕೇಳುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಆ ಮಾತನ್ನು ಮುರಿಯಲು ನಿರ್ಧರಿಸಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೋದೆ. ಹೇಳಬೇಕಾದುದನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಮನೆಯ ಬಾಗಿಲು ತೆರೆದಿತ್ತು, ಒಲೆಯಲ್ಲಿ ಬೆಂಕಿ ಇರಲಿಲ್ಲ, ಬೇಸಿನ್ನು ಖಾಲಿಯಿತ್ತು. ಶಮೀಮಾ ಬುರ್ಖಾ ತೊಟ್ಟು ಹೊರಡಲು ನಿಂತಿದ್ದರು, ನಸ್ರೀನ್ ಚೀಲ ಹಿಡಿದಿದ್ದಳು. ನನ್ನನ್ನು ಕಂಡು ಇಬ್ಬರಿಗೂ ಆಶ್ಚರ್ಯವಾಗಲಿಲ್ಲ, ಸಮಾಧಾನವಾದ ಹಾಗೆ ಕಂಡಿತು.

ನಿನ್ನೆ ಸಂಜೆ ನಸ್ರೀನ್, ಎಂದೂ ನೀರಿನಿಂದ ಬಿಡುವಿಲ್ಲದ ತಾಯಿಯ ಕೈಯನ್ನು ಮೊದಲ ಸಲ ಹಿಡಿದು ನೋಡಿದ್ದಳು. ನಾಡಿ ನಡುನಡುವೆ ಒಂದು ಬಡಿತ ಬಿಡುತ್ತಿತ್ತು. ಇಂದು ಬೆಳಿಗ್ಗೆ ಮತ್ತೆ ನೋಡಿದರೂ ಹಾಗೆಯೇ. ತಾಯಿಗೆ ಮೊದಲಿನಿಂದ ಆಗಾಗ ತಲೆ ಸುತ್ತುತ್ತಿತ್ತಂತೆ, ಹಬೆಗೆ ಎಂದುಕೊಂಡಿದ್ದರು. “ನೀವೂ ಒಂದ್ಸಲ ನೋಡಿ ಮಿಸ್” ಎಂದಳು. ನಾನು ಹೊಸಿಲಿನಲ್ಲೇ ನಿಂತು ಶಮೀಮಾ ಅವರ ಮಣಿಕಟ್ಟು ಹಿಡಿದೆ. ಒಂದು ಪೂರ್ತಿ ನಿಮಿಷ ಎಣಿಸಿದೆ, ಇನ್ನೊಂದು ನಿಮಿಷ ಎಣಿಸಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಬಹಳ ಜನರಲ್ಲಿ ಇದರಿಂದ ಅಪಾಯವಿರುವುದಿಲ್ಲ, ಆದರೆ ಇಸಿಜಿ ಮಾಡಿಸದೆ ಹಾಗೆನ್ನಬಾರದು ಎಂದು ಇಬ್ಬರಿಗೂ ಹೇಳಿದೆ.

ಆಸ್ಪತ್ರೆಯ ದಾರಿಯಲ್ಲಿ ಶಮೀಮಾ ನನಗೆ ಮಾತ್ರ ಕೇಳುವಂತೆ ಹೇಳಿದರು: ರಾತ್ರಿ ಅವಳ ಚಾಚಾ ಬಂದಿದ್ದರು, ರಿಸಲ್ಟ್ ಬರಲಿ ನೋಡೋಣ ಎಂದರು, ರಿಸಲ್ಟ್ ಬಂದಾಯಿತು ಎಂದು ಮಗಳು ನಾಡಿ ಹಿಡಿದ ನನ್ನ ಕೈಯನ್ನೇ ತೋರಿಸಿದೆ. ನಾಳೆಯಿಂದ ನೀರಿನ ಕೆಲಸಕ್ಕೆ, ಚಾಚಾ ಹೆಚ್ಚು ಕೂಲಿಗೆ ಒಪ್ಪಿಸಿದ ಪಕ್ಕದ ಬೀದಿಯ ಹೆಂಗಸೊಬ್ಬರು ಬರುತ್ತಾರಂತೆ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದನ್ನೂ ಆಡಬೇಕಾಗಿ ಬರಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಸಾಲು ಬೆಳೆದಿತ್ತು. ನಮ್ಮ ಸರದಿ ಬಂದಾಗ ಇಸಿಜಿ ಕೋಣೆಯ ಬಾಗಿಲಲ್ಲಿದ್ದ ಸಿಸ್ಟರ್, ಜೊತೆಗೆ ಒಬ್ಬರಷ್ಟೇ ಬರಬಹುದು, ಯಾರು ಬರುತ್ತೀರಿ ಎಂದು ನಮ್ಮಿಬ್ಬರನ್ನೂ ನೋಡಿದರು.

“ನನ್ನ ಮಗಳು ಬರ್ತಾಳೆ” ಎಂದರು ಶಮೀಮಾ. “ಅವಳು ನರ್ಸು.”

ಅವರು ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಅವರ ಚಪ್ಪಲಿಗಳನ್ನೂ ಚೀಲವನ್ನೂ ನೋಡಿಕೊಂಡೆ.